ಗಿರಣಿ ಕಾಕಾನ ‘ನೋಡೂಣು’

ಕಳೆದ ವಾರ ಬೀದರಿನ ಗಿರಣಿಯೊಂದಕ್ಕೆ ಜೋಳ ಬೀಸಿಸಲು ಹೋದೆ. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಹಸಿವಾಗಬೇಕಿತ್ತು, ಸಿಟ್ಟು ಬಂತು. ಭಾಲ್ಕಿಯ ನಮ್ಮ ಓಣಿಯ ಗಿರಣಿ ಕಾಕಾ ನೆನಪಾದ. ಸತ್ತು ವರ್ಷಗಳಾದರೂ ಅವನಿಗೆ ‘ಅವರು’ ಎನ್ನಲು ನಾಲಿಗೆ ಹೊರಳುವುದಿಲ್ಲ.

ಮಳೆ ಕೈಕೊಟ್ಟ ವರ್ಷಗಳವು. ಔರಾದ ಕಡೆ ಇನ್ನೂ ಕೆಟ್ಟಿತ್ತು. ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ. ಜನ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿದ್ದರು. ಕಾಕಾನ ಮಗನೂ. ಗಿರಣಿಯ ಹಿಂದಿನ ಬೋರಿನಲ್ಲಿ ಮಾತ್ರ ನೀರಿತ್ತು. ಅವ್ವ ಕೊಡ ಹಿಡಿದು ಕೇಳಿದರೆ ಕಾಕಾ ತಲೆ ಎತ್ತದೆ “ನೋಡೂಣು” ಎನ್ನುತ್ತಿದ್ದ. ಹಾಗೆಂದರೆ ಇಲ್ಲ ಎಂದರ್ಥ. ಮೊದಲ ದಿನ ಕಾದ ಅವ್ವ ಮರುದಿನದಿಂದ ಕಾಯಲಿಲ್ಲ.

ಅವನಿಗೆ ಹೊಟ್ಟೆನೋವು ಹೆಚ್ಚಾದಾಗ ಬೀದರಿನ ಆಸ್ಪತ್ರೆಗೆ ಕರೆದೊಯ್ದವನು ನಾನು. ಅವನ ಮನೆಯಲ್ಲಿ ಬೇರೆ ಯಾರೂ ಇಲ್ಲವೆಂದು ಅವ್ವ ಹಟ ಹಿಡಿದಿದ್ದಳು. ಸ್ಕ್ಯಾನ್ ಮಾಡಿದಾಗ ಮೇದೋಜೀರಕ ಗ್ರಂಥಿಯಲ್ಲಿ ನೀರು ತುಂಬಿದ ಗುಳ್ಳೆ ಕಂಡಿತು. ಇಂಥವು ಬಹಳಷ್ಟು ಸುಮ್ಮನಿರುತ್ತವೆ, ಕೆಲವು ಕ್ಯಾನ್ಸರ್ ಆಗುತ್ತವೆ ಎಂದರು ಡಾಕ್ಟರು. ಗುಳ್ಳೆ ಬೆಳೆಯುತ್ತದೆಯೇ, ಅದರ ಗೋಡೆ ದಪ್ಪವಾಗುತ್ತದೆಯೇ, ಒಳಗೆ ಗಟ್ಟಿ ಗಂಟು ಮೂಡುತ್ತದೆಯೇ, ಅದನ್ನು ನೋಡಿ ತೀರ್ಮಾನ.

“ಈಗ ಆಪರೇಶನ್ ಬ್ಯಾಡ್ರಿ,” ಎಂದರು. “ಆರು ತಿಂಗಳಿಗೆ ಮತ್ತ ಬರ್ರಿ, ನೋಡೂಣು.”

ತಿರುಗಿ ಬರುವಾಗ ಬಸ್ಸಿನಲ್ಲಿ ಅವನ ಕೈ ನಡುಗುತ್ತಿತ್ತು ಎಂದು ಬರೆದರೆ ನೆನಪಿಗೆ ಒಂದು ಅಂದ ಬರುತ್ತದೆ. ನಡುಗುತ್ತಿರಲಿಲ್ಲ. ಶೇಂಗಾ ತಿನ್ನುತ್ತಿದ್ದ... ನನಗೆ ಕೊಡಲಿಲ್ಲ.

“ಡಾಕ್ಟರ ಒಲ್ಲೆ ಅಂದ,” ಎಂದ ಕಾಕಾ.

“ಇಲ್ರಿ ಕಾಕಾ. ಖರೇನೇ ಮತ್ತ ನೋಡ್ತಾರ.”

“ಖರೇ ನೋಡಾಂವ ನೋಡ್ತೀನಿ ಅಂತಾನ. ನೋಡೂಣು ಅನ್ನಂಗಿಲ್ಲ. ಜಿಂದಗಿ ಪೂರಾ ಇದ ಮಾತ್ ಆಡಿ ಮಂದೀನ್ನ ಹೊಳ್ಳಿ ಕಳಿಸೀನಿ. ನನಗ ಕಲಿಸ್ತಿಯೇನು?”

ಓಣಿಯಲ್ಲಿ ಸುದ್ದಿ ಹಬ್ಬಿತು. “ನಮಗ ಕೊಡಲಾರದ ನೀರು ಹೊಟ್ಟ್ಯಾಗ ಇಟ್ಕೊಂಡಾನ,” ಎಂದಳು ಪಕ್ಕದ ಮನೆಯ ಖಾಲಾ. ಎಲ್ಲರೂ ನಕ್ಕರು. ನಾನೂ. ಈಗಲೂ ಆ ಮಾತು ನನಗೆ ಹಿಡಿಸುತ್ತದೆ.

ಆರು ತಿಂಗಳಾದ ಮೇಲೆ ಕರೆಯಲು ಹೋದೆ. ಗಿರಣಿಯ ಬೆಲ್ಟು ತಿರುಗುತ್ತಿತ್ತು, ಅವನ ಹುಬ್ಬಿನ ಮೇಲೆ ಹಿಟ್ಟು.

“ಕಾಕಾ, ನಾಳಿ ಬೀದರಕ್ಕ ಹೋಗಬೇಕ್ರಿ.”

“ನೋಡೂಣು.”

ಅವ್ವನೂ ಹೋಗಿ ಕೇಳಿದಳು, ಈ ಸಲ ಕೊಡವಿಲ್ಲದೆ. ಅವಳಿಗೂ ಅದೇ ಉತ್ತರ.

ಮುಂದಿನ ಬೇಸಿಗೆಯಲ್ಲಿ ಅವನ ಕಣ್ಣು ಹಳದಿಯಾದವು. ಕ್ಯಾನ್ಸರ್ ಲಿವರಿಗೂ ಹರಡಿತ್ತು. ಆ ಸಲ ಡಾಕ್ಟರು ನೋಡೂಣು ಅನ್ನಲಿಲ್ಲ.

ಹೇಳಿದಾಗ ಹೋಗಿದ್ದರೆ ಉಳಿಯುತ್ತಿದ್ದನೇ? ಗೊತ್ತಿಲ್ಲ... ಗೊತ್ತಿದೆ ಎನ್ನುವ ನೆನಪನ್ನು ನಾನು ನಂಬುವುದಿಲ್ಲ. ಬೈಯಲಾದರೂ ಅವನಿರಬೇಕಿತ್ತು.

“ಇವತ್ತ ಬೀಸಿ ಕೊಡ್ತಿಯೇನಪಾ?” ಎಂದು ಬೀದರಿನ ಈ ಗಿರಣಿಯವನನ್ನು ಕೇಳಿದೆ.

“ನೋಡೂಣ್ರಿ.”

ಚೀಲ ಹೆಗಲಿಗೇರಿಸಿ ಹೊರಬಿದ್ದೆ. ರಸ್ತೆ ದಾಟುವಾಗ ಹಿಂದಿನಿಂದ ಕೂಗಿದ: “ಯಾಕ್ರಿ ಕಾಕಾ, ಎಲ್ಲಿ ಹೊಂಟ್ರಿ? ನೋಡೂಣು ಅಂದೀನಲ್ರಿ.”