ಕಾಣೆಯಾದ ಇಪ್ಪತ್ತು ಕಿಲೋಮೀಟರು

ಗಿರಾಕಿಯನ್ನು ನಾನು ಕಾಲಿನಿಂದ ಅಳೆಯಲು ಶುರುಮಾಡುತ್ತೇನೆ. ಈ ಮನುಷ್ಯನ ಚಪ್ಪಲಿಗೆ ಎರಡು ಸಲ ಹೊಲಿಗೆ ಬಿದ್ದಿತ್ತು, ಆದರೆ ಎಡಬಲ ಎರಡೂ ಒಂದೇ ಸಮ ಸವೆದಿದ್ದವು. ಅಂದರೆ ದುಡುಕುವ ಪೈಕಿಯಲ್ಲ, ಚೌಕಾಸಿಯ ಪೈಕಿಯೂ ಅಲ್ಲ. ವಯಸ್ಸು ಐವತ್ತೆಂಟು, ತೂಕ ಎಪ್ಪತ್ತೆರಡು ಕಿಲೋ, ಅಂಗಿಯ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಪುಟ್ಟ ಡೈರಿ. ನನ್ನ ಬ್ಯಾಟರಿ ಬೈಕಿನ ಅಂಗಡಿಗೆ ಬರುವ ಹತ್ತರಲ್ಲಿ ಒಂಬತ್ತು ಜನ ಮೊದಲು ಬಣ್ಣ ಕೇಳುತ್ತಾರೆ. ಇವರು ಬ್ರೋಷರ್ ಎತ್ತಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟರು: ಒಂದು ಚಾರ್ಜಿಗೆ ನೂರ ನಲವತ್ತು ಕಿಲೋಮೀಟರ್.

“ಇದು ನಿಜಾನಾ ಸಾಹುಕಾರ್ರೆ?”

“ಅಚ್ಚು ಹಾಕಿಸಿದ್ದು ಸುಳ್ಳಾಗುತ್ತಾ ಅಣ್ಣಾ?” ಅಂದೆ. ಪ್ರಶ್ನೆಗೆ ಪ್ರಶ್ನೆಯನ್ನೇ ಕೊಟ್ಟರೆ ಸುಳ್ಳು ಹೇಳಿದ ಹಾಗಾಗುವುದಿಲ್ಲ ಎಂಬುದು ನನ್ನ ವ್ಯಾಪಾರದ ಸಮಾಧಾನ.

ಅವರ ಕಸುಬು ಅಂಗಡಿಗಳ ತಕ್ಕಡಿ ರಿಪೇರಿ. ಊರವರ ಬಾಯಲ್ಲಿ ‘ತೂಕದಣ್ಣ’. ತೂಕದ ಬಟ್ಟಿನ ಮೇಲೆ ಒಂದು ಕಿಲೋ ಎಂದು ಕೆತ್ತಿದ್ದರೆ ಅದು ಒಂದು ಕಿಲೋವೇ. ಅಷ್ಟು ತೂಗದಿದ್ದರೆ ಕೆಟ್ಟಿರುವುದು ತಕ್ಕಡಿ. ಮೂವತ್ತೈದು ವರ್ಷ ಈ ನಂಬಿಕೆಯಲ್ಲೇ ಅನ್ನ ತಿಂದವರು. ಬರೆದ ಸಂಖ್ಯೆಯೇ ಕೆಟ್ಟಿರಬಹುದು ಎಂದು ಅವರಿಗೆ ಹೊಳೆಯಲಿಲ್ಲ.

ಬೈಕು ಬೇಕಾಗಿದ್ದು ಅಕ್ಕನಿಗಾಗಿ. ತಾಯಿಯಿಲ್ಲದ ಮನೆಯಲ್ಲಿ ಇವರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಅಕ್ಕ ಈಗ ನೂರ ಹದಿನೆಂಟು ಕಿಲೋಮೀಟರ್ ಆಚೆ, ವೃದ್ಧರ ಆರೈಕೆ ಮನೆಯಲ್ಲಿದ್ದರು. ನೆನಪು ಒಂದೊಂದಾಗಿ ಕಳಚುತ್ತಿತ್ತು. ಹೆತ್ತ ಮಗಳ ಗುರುತೂ ಹೋಗಿತ್ತು. ತಮ್ಮನನ್ನು ಮಾತ್ರ ಇನ್ನೂ ‘ಪುಟ್ಟಾ’ ಎನ್ನುತ್ತಿದ್ದರು. ಅದೂ ಎಷ್ಟು ವಾರವೋ ಹೇಳಲಾಗದು ಎಂದಿದ್ದರು ಡಾಕ್ಟರು. ಭೇಟಿ ಭಾನುವಾರ ಮಾತ್ರ, ಮೂರರಿಂದ ಐದು. ಭಾನುವಾರದ ಒಂದೇ ಬಸ್ಸು ಅಲ್ಲಿ ಮುಟ್ಟುತ್ತಿದ್ದುದು ಆರಕ್ಕೆ.

ಬೈಕು ಕೊಂಡು ಪ್ರತಿ ಭಾನುವಾರ ಹೋಗತೊಡಗಿದರು. ರಾತ್ರಿಗೆ ಅಲ್ಲಿನ ಕಾವಲುಗಾರನ ಕೋಣೆಯಲ್ಲಿ ಬೈಕಿಗೆ ಒಂದು ಪ್ಲಗ್ಗು, ಇವರಿಗೆ ಒಂದು ಚಾಪೆ. ಸೋಮವಾರ ವಾಪಸು ಬಂದವರು ನೇರ ನನ್ನ ಅಂಗಡಿಗೆ ಬಂದು ಡೈರಿ ಬಿಚ್ಚುತ್ತಿದ್ದರು.

“ನೂರಿಪ್ಪತ್ತಕ್ಕೇ ಮುಗಿದುಹೋಗುತ್ತೆ. ಇಪ್ಪತ್ತು ಕಿಲೋಮೀಟರ್ ನಾನೆಲ್ಲೋ ಚೆಲ್ತಾ ಇದೀನಿ ಸಾಹುಕಾರ್ರೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ.”

ಟೈರಿನ ಗಾಳಿ ನೋಡಿಕೊಳ್ಳಿ ಎಂದೆ. ಹೊರಡುವ ಮುಂಚೆ ಪ್ರತಿ ಸಲ ಅಳೆದರು. ವೇಗ ನಲವತ್ತು ದಾಟಬೇಡಿ ಎಂದೆ. ಟ್ರ್ಯಾಕ್ಟರಿನವರೂ ಹಾರ್ನ್ ಹೊಡೆದು ಮುಂದೆ ಹೋಗುವ ಹಾಗೆ ಓಡಿಸಿದರು. ಇಳಿಜಾರಿನಲ್ಲಿ ಕೈ ಸಡಿಲ ಬಿಟ್ಟರೆ ಬ್ಯಾಟರಿಗೆ ಒಂದಿಷ್ಟು ಚಾರ್ಜು ವಾಪಸು ಬರುತ್ತದೆ ಎಂದೆ. ದಾರಿಯ ಇಳಿಜಾರುಗಳೆಲ್ಲ ಡೈರಿಗೆ ಹತ್ತಿದವು. ಒಂದು ಸೋಮವಾರ ನಾಲಿಗೆ ತುರಿಸಿ, “ಇನ್ನು ಭಾರ ಇಳಿಸ್ಬೇಕು ಅಷ್ಟೇ ಅಣ್ಣಾ,” ಎಂದೆ, ತಮಾಷೆಗೆ. ಟೂಲು ಚೀಲ ಮನೆಯಲ್ಲೇ ಉಳಿಯಿತು. ನೀರಿನ ಬಾಟಲಿ ಉಳಿಯಿತು. ಆಮೇಲೆ ರಿಪೇರಿಗೆ ಬಂದ ದೊಡ್ಡ ತಕ್ಕಡಿಯ ಮೇಲೆ ತಾವೇ ಹತ್ತಿ ನಿಂತು ನೋಡಿ, ಒಂದು ಹೊತ್ತಿನ ಊಟ ಬಿಟ್ಟರು. ಮೂರು ತಿಂಗಳಲ್ಲಿ ಎಪ್ಪತ್ತೆರಡು ಹೋಗಿ ಅರವತ್ತಾರಾಯಿತು. ಬೈಕು ನೂರಿಪ್ಪತ್ತರಲ್ಲೇ ಇತ್ತು.

ಆ ನೂರ ನಲವತ್ತು, ಗಾಳಿಯಿಲ್ಲದ ಏರಿಲ್ಲದ ಟ್ರ್ಯಾಕಿನಲ್ಲಿ ಕಡ್ಡಿಯಂಥ ಸವಾರನನ್ನು ಕೂರಿಸಿ ಕಂಪನಿಯವರು ತೆಗೆದ ಲೆಕ್ಕ. ನನಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಅದೇ ಸಂಖ್ಯೆಯನ್ನು ದೊಡ್ಡದಾಗಿ ಬರೆಸಿ ಅಂಗಡಿಯ ಗೋಡೆಗೆ ಹಾಕಿದ್ದ ಬೋರ್ಡು ಇಳಿಸಬೇಕಾಗುತ್ತಿತ್ತು. ಬದಲಿಗೆ, “ಈ ಭಾನುವಾರ ನಾನೂ ಬರ್ತೀನಿ, ಓಡಿಸೋದು ಹೇಗೆ ಅಂತ ತೋರಿಸ್ತೀನಿ,” ಎಂದೆ.

ಹನ್ನೆರಡಕ್ಕೆ ಹೊರಟೆವು, ಒಂದೇ ಮಾದರಿಯ ಎರಡು ಬೈಕು. ಅವರ ನಲವತ್ತರ ವೇಗ ನನಗೆ ಒಂದು ಗಂಟೆಯಲ್ಲೇ ಸಾಕಾಯಿತು. ದಾರಿಯಲ್ಲಿ ಟೀ ಕುಡಿಯಲು ನಿಂತೆ; ಆಮೇಲೆ ಅವರನ್ನು ಹಿಡಿಯಲು ಎದುರುಗಾಳಿಯಲ್ಲಿ ಅರವತ್ತರಲ್ಲಿ ಬಿಟ್ಟೆ. ತೊಂಬತ್ತೈದನೇ ಕಿಲೋಮೀಟರಿನಲ್ಲಿ ಗುರುವಿನ ಬೈಕು ಉಸಿರು ಬಿಟ್ಟಿತು. ಶಿಷ್ಯನ ಬೆನ್ನು ದೂರದಲ್ಲಿ ಚುಕ್ಕೆಯಾಗಿ ಮರೆಯಾಯಿತು.

ಸ್ವಲ್ಪ ಹೊತ್ತಿಗೆ ಆ ಚುಕ್ಕೆ ವಾಪಸು ಬಂತು.

“ಕನ್ನಡೀಲಿ ನೀವು ಕಾಣ್ಲಿಲ್ಲ. ಬಿದ್ರೇನೋ ಅಂದ್ಕೊಂಡು ನಾಲ್ಕು ಕಿಲೋಮೀಟರ್ ಹಿಂದಕ್ಕೆ ಬಂದೆ.”

“ನಾಲ್ಕು ಕಿಲೋಮೀಟರ್ ವಾಪಸ್ ಬಂದ್ರಾ? ಮಾರಾಯ್ರೇ, ಮೊದಲು ಹೋಗಿ!”

“ಇನ್ನು ಹೋದ್ರೂ ಮುಟ್ಟಲ್ಲ. ಬಂದು ಹೋಗೋಕೆ ಎಂಟು. ನನ್ನ ಹತ್ರ ಹೆಚ್ಚಿಗೆ ಇದ್ದಿದ್ದು ಎರಡೇ. ಕೊನೇ ಆರು ಕಿಲೋಮೀಟರ್ ಏರಲ್ಲಿ ತಳ್ಕೊಂಡು ಹೋದ್ರೆ ಐದಾಗಿರುತ್ತೆ.” ಡೈರಿ ನೋಡದೆಯೇ ಹೇಳಿದರು.

ನನ್ನ ಬೈಕು ತಳ್ಳಿಕೊಂಡು ಹತ್ತಿರದ ಪಂಕ್ಚರ್ ಅಂಗಡಿ ಸೇರಿದಾಗ ಎರಡೂ ಮುಕ್ಕಾಲು. ಅರ್ಧ ಗಂಟೆ ಪ್ಲಗ್ಗು ಸಿಕ್ಕಿದ್ದರೆ ಅವರಿಗೆ ಸಾಕಿತ್ತು.

“ಲೈನ್ ರಿಪೇರಿ ಇದೆ. ನಾಲ್ಕೂವರೆ ಮೇಲೆ ಕರೆಂಟು,” ಎಂದ ಅಂಗಡಿಯವನು, ಟೈರಿನಿಂದ ತಲೆಯೆತ್ತದೆ.

ರಸ್ತೆಗಿಳಿದು ಲಾರಿಗಳಿಗೆ, ಕಾರುಗಳಿಗೆ ಕೈ ಬೀಸಿದೆ. ಒಂದೂ ನಿಲ್ಲಲಿಲ್ಲ. ಅವರು ಆರೈಕೆ ಮನೆಗೆ ಫೋನು ಮಾಡಿದರು. “ಐದಕ್ಕೆ ಬಾಗಿಲು ಹಾಕ್ತೀವಿ ಸರ್, ಎಲ್ಲರಿಗೂ ಒಂದೇ ರೂಲು,” ಎಂದಿತು ಆ ಕಡೆಯ ದನಿ. ಹಳೇ ಟೈರಿನ ಮೇಲೆ ಕೂತು ತೂಕದಣ್ಣ ಉರಿಯದ ಬಲ್ಬನ್ನೇ ನೋಡತೊಡಗಿದರು. ಅವರ ಕೊರಳ ಸುತ್ತ ಅಂಗಿಯ ಕಾಲರು ಸಡಿಲವಾಗಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಅಣ್ಣಾ, ನೀವೇನೂ ಚೆಲ್ಲಿಲ್ಲ. ಆ ನೂರ ನಲವತ್ತು ಬರೀ ಕಾಗದದ್ದು. ರಸ್ತೆ ಮೇಲೆ ನೂರು ಬಂದ್ರೆ ಹೆಚ್ಚು. ನೂರಿಪ್ಪತ್ತು ತೆಗೆದೋರು ನೀವೊಬ್ರೇ.”

ಬೈಯಲಿ ಎಂದು ಕಾದೆ. ಅವರು ಬಲ್ಬಿನಿಂದ ಕಣ್ಣು ಕೀಳಲಿಲ್ಲ.

“ಮೊದ್ಲೇ ಹೇಳಿದ್ರೆ ಊಟಾನಾದ್ರೂ ಮಾಡ್ತಿದ್ನಲ್ಲ ಸಾಹುಕಾರ್ರೆ.”

ಬಲ್ಬು ಹತ್ತಿದ್ದು ಐದಕ್ಕೆ ಹತ್ತು ನಿಮಿಷವಿದ್ದಾಗ. ಅರ್ಧ ಗಂಟೆ ಚಾರ್ಜ್ ಮಾಡಿಕೊಂಡು ಅವರು ಹೊರಟರು. ಬಸ್ಸು ಮುಟ್ಟುವ ಹೊತ್ತಿಗೆ ಸರಿಯಾಗಿ ಮುಟ್ಟಿದರು.

“ಕಿಟಕೀಲಿ ಕೂತಿದ್ಲು,” ಎಂದರು ಸೋಮವಾರ. “ಗೇಟಿಂದ ಕೈ ಎತ್ತಿದೆ. ಅವಳೂ ಎತ್ತಿದ್ಲು. ತುಟಿ ಆಡ್ತು, ಪುಟ್ಟಾ ಅಂದ ಹಾಗೆ. ಗಾಜು ಹಾಕಿತ್ತು, ಕೇಳಿಸ್ಲಿಲ್ಲ.”

ಮುಂದಿನ ಭಾನುವಾರ ಅವರು ಮೂರು ಹೊಡೆಯುವ ಮುಂಚೆಯೇ ಬಾಗಿಲಲ್ಲಿದ್ದರು. ಅಕ್ಕ ಮರ್ಯಾದೆಯಿಂದ ಎದ್ದು ನಿಂತು, “ಯಾರು ಬೇಕಾಗಿತ್ತು ನಿಮಗೆ?” ಎಂದರಂತೆ.

ಈಗಲೂ ಪ್ರತಿ ಭಾನುವಾರ ಹೋಗುತ್ತಾರೆ, ನಲವತ್ತರ ವೇಗದಲ್ಲೇ. ಡೈರಿ ಹಿಡಿದು ನನ್ನ ಅಂಗಡಿಗೆ ಬರುವುದಿಲ್ಲ, ಡೈರಿಯೇ ಇಲ್ಲವಂತೆ. ನನ್ನ ಗೋಡೆಯ ಬೋರ್ಡಿನಲ್ಲಿ ಈಗ ನೂರು ಎಂದಿದೆ. ಅದರಿಂದ ಅವರಿಗೆ ಆಗುವುದೇನೂ ಇಲ್ಲ.

ತೂಕದಣ್ಣನಿಗೆ ನಾನು ಆ ಭಾನುವಾರದ ಎರಡು ಗಂಟೆ ಬಾಕಿ ಇದ್ದೇನೆ.