ಆಮ್ರಪಾಲಿಯ ಬಾಸ್, ಅಜಿತನ ಪೆಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಕ್ಕೇರಿ ಸಮೀಪದ ಹಳ್ಳಿಯ ತಗಡಿನ ಮನೆಯೊಂದರಲ್ಲಿ ಆಮ್ರಪಾಲಿ ಬಾಸ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಾರೆ. ಎದುರಿಗೆ, ಕುರ್ಚಿಯ ಮೇಲೆ, ತೊಗರಿ ಡಬ್ಬಿಗಿಂತ ತುಸು ದೊಡ್ಡದಾದ ಆಂಪ್ಲಿಫೈಯರ್. ಅದನ್ನವರು ನೋಡುವ ರೀತಿ ನೋಡಿದರೆ, ಅದು ಏನನ್ನೋ ಕದ್ದು ಕೂತಿದೆ ಅನಿಸಬೇಕು. ವೈರ್ ಚುಚ್ಚುವ ಮೊದಲು ಒಂದೊಂದೇ ಗುಂಡಿಯನ್ನು ಸೊನ್ನೆಗೆ ತಿರುಗಿಸುತ್ತಾರೆ. ಪ್ರತಿ ಗುಂಡಿಯ ಪಕ್ಕದಲ್ಲೂ ಉಗುರುಬಣ್ಣದ ಎರಡು ಚುಕ್ಕೆ, ಒಂದು ಕೆಂಪು, ಒಂದು ನೀಲಿ.

"ನಿನ್ನಿ ನಾನ ಸೊನ್ನಿಗೆ ಇಟ್ಟೀನ್ರಿ. ಆದ್ರೂ ನಂಬಾಂಗಿಲ್ಲ. ಯಾರ ಕೈ ಆಡಸ್ಯಾರೋ ಏನೋ" ಎನ್ನುತ್ತಾರೆ. ಮನೆಯಲ್ಲಿ ಇರುವುದು ಅವರು ಮತ್ತು ತಾಯಿ ಸಾತವ್ವ, ಇಬ್ಬರೇ.

ದಪ್ಪ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಎಳೆದ ಕೂಡಲೇ ಅಡುಗೆಮನೆಯ ಹಲಗೆಯ ಮೇಲೆ ಸ್ಟೀಲ್ ತಾಟುಗಳು ಗಿರ್ರೆನ್ನುತ್ತವೆ.

"ಮತ್ತ ಬೆಕ್ಕ ಬಂತೇನ?" ಒಳಗಿನಿಂದ ಸಾತವ್ವನ ದನಿ.

"ಬೆಕ್ಕಲ್ಲಬೇ, ನಾನು."

"ಬೆಕ್ಕರ ಒಂದೀಟ ಹಾಲ ಕುಡದ ಸುಮ್ನ ಹೋಗತೈತಿ" ಎನ್ನುತ್ತ ಸಾತವ್ವ ತಾಟುಗಳ ಮೇಲೆ ಅಂಗೈ ಊರುತ್ತಾರೆ. ಸದ್ದು ನಿಲ್ಲುತ್ತದೆ. ಈ ಮನೆಯಲ್ಲಿ ಬೆಳಗಾಗುವುದು ಹೀಗೆ.

ಆಮ್ರಪಾಲಿ ಹಗಲು ಹುಕ್ಕೇರಿಯ ಟೇಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ಭೀಮ ಜಯಂತಿ, ಮದುವೆ, ನಾಮಕರಣ ಇದ್ದಾಗ ಗೋಕಾಕ, ಮೂಡಲಗಿಯವರೆಗೂ ಭೀಮಗೀತೆಗಳ ತಂಡದೊಂದಿಗೆ ಹೋಗುತ್ತಾರೆ. ಮೊದಲು ಕೋರಸ್‌ನಲ್ಲಿ ಹಾಡುತ್ತಿದ್ದರು. ಬಾಸ್ ನುಡಿಸುತ್ತಿದ್ದವನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವನು ಬಿಟ್ಟುಹೋದ ಗಿಟಾರು ಮೂಲೆ ಸೇರಿತ್ತು, ಇವರು ಎತ್ತಿಕೊಂಡರು. ಹಾಡು ಕೇಳಿದವರು ಹಾಡುಗಾರನನ್ನು ಹೊಗಳುತ್ತಾರೆ, ಢೋಲಕಿಯವನಿಗೆ ಶಿಳ್ಳೆ ಹಾಕುತ್ತಾರೆ. ಬಾಸ್ ನಿಂತಾಗ ಮಾತ್ರ ಏನೋ ಕಡಿಮೆಯಾಯಿತಲ್ಲ ಎಂದು ತಿರುಗಿ ನೋಡುತ್ತಾರೆ.

ತೊಂದರೆ ಇರುವುದು ಆಂಪ್ಲಿಫೈಯರ್ ಪೆಟ್ಟಿಗೆಯಲ್ಲಿ. ಅದು ಇವರದಲ್ಲ, ತಂಡದ ಗಿಟಾರ್ ವಾದಕ ಅಜಿತನದು. ಸಣ್ಣ ತಂತಿಯ ಗಿಟಾರಿಗೆಂದು, ಮನೆಯಲ್ಲಿ ಅಭ್ಯಾಸ ಮಾಡಲೆಂದು ಮಾಡಿದ್ದು. ಬಾಸ್‌ನ ತಗ್ಗು ಸ್ವರಕ್ಕೆ ಒಳಗಿನ ಸ್ಪೀಕರಿನ ಕಾಗದದ ಕೋನು ಬಹಳ ಹಿಂದೆ ಮುಂದೆ ಹಾರಬೇಕಾಗುತ್ತದೆ. ಜೋರು ಮಾಡಿದರೆ ಹರಿಯುತ್ತದೆ.

"ಎಳೆ ಕರಕ್ಕ ಕಬ್ಬಿನ ಗಾಡಿ ಹೂಡಿದಂಗ್ರಿ. ಸಾವಕಾಶ ಹೊಡದ್ರ ಮನಿ ಮುಟ್ಟತೈತಿ. ಬಾರಕೋಲ ಎತ್ತಿದ್ರ ಅಲ್ಲೇ ಬೀಳತೈತಿ" ಎನ್ನುತ್ತಾರೆ ಆಮ್ರಪಾಲಿ. ಅದಕ್ಕೇ ಪೆಟ್ಟಿಗೆಯನ್ನು ಕುರ್ಚಿಯ ಮೇಲೆ, ಕಿವಿಯ ಹತ್ತಿರ ಇಡುತ್ತಾರೆ. ಹತ್ತಿರವಿದ್ದರೆ ಜೋರು ಬೇಕಾಗುವುದಿಲ್ಲ. ಬಾಸ್ ಎಂದು ಬರೆದ ಗುಂಡಿಯನ್ನು ಅರ್ಧಕ್ಕಿಂತ ಕೆಳಗೇ ಇಡುತ್ತಾರೆ, ಸದ್ದು ಒಡೆಯುವಂತೆ ಮಾಡುವ ಗುಂಡಿಯನ್ನು ಮುಟ್ಟುವುದೇ ಇಲ್ಲ. ಜನರಿಗೆ ಕೇಳಿಸಬೇಕಾದರೆ ಪೆಟ್ಟಿಗೆಯ ಮುಂದೆ ಮೈಕು. ಜೋರು ಮಾಡುವ ಕೆಲಸ ಮೈಕ್‌ಸೆಟ್ಟಿನದು. ಬರ್ರ್ ಎಂದರೆ ಕೈ ಮೊದಲು ವಾಲ್ಯೂಮಿಗೆ ಹೋಗಬೇಕು, ಇಳಿಸಬೇಕು.

ಇಷ್ಟು ಎಚ್ಚರ ಬಂದದ್ದು ಮೂಡಲಗಿಯ ನಂತರ. ಹೋದ ವರ್ಷ ಅಲ್ಲಿ ಹಾಡಿನ ನಡುವೆ ಕೋನು ಹರಿಯಿತು. ಪೆಟ್ಟಿಗೆ ಅದಕ್ಕೂ ಹಿಂದಿನ ದಿನ ಯಾರದೋ ಅಂಗಡಿ ಉದ್ಘಾಟನೆಗೆ ಹೋಗಿ ಬಂದಿತ್ತು. ಅಲ್ಲಿ ಅದಕ್ಕೆ ಏನೇನು ಚುಚ್ಚಿದ್ದರೋ ಇವತ್ತಿಗೂ ಗೊತ್ತಿಲ್ಲ. ಆದರೆ ಎಲ್ಲರ ಕಣ್ಣು ತಿರುಗಿದ್ದು ಬಾಸ್ ಕಡೆಗೆ. ಅಜಿತ ಗೋಕಾಕದಲ್ಲಿ ಕೋನು ಬದಲಿಸಿಕೊಂಡು ಬಂದು, ತನ್ನ ಹೆಂಡತಿಯ ಕೆಂಪು ಉಗುರುಬಣ್ಣದಿಂದ ಗುಂಡಿಗಳಿಗೆ ಗುರುತು ಹಾಕಿದ. "ಈ ಚುಕ್ಕಿ ದಾಟಬ್ಯಾಡ. ಇನ್ನೊಮ್ಮೆ ಬರ್ರ್ ಅಂತಂದ್ರ ಬಾಸ್ ಬಂದ್. ಲಖನನ ಎಡಗೈ ಐತಿ" ಎಂದ. ಲಖನ ಕೀಬೋರ್ಡ್ ನುಡಿಸುವವನು. ಎಡಗೈಯಲ್ಲಿ ಬಾಸ್ ಸ್ವರ ಒತ್ತಬಲ್ಲ. ಹಾಗಾದರೆ ಆಮ್ರಪಾಲಿ ಮತ್ತೆ ಕೋರಸ್‌ಗೆ ಹೋಗಬೇಕಾಗುತ್ತಿತ್ತು.

ಈ ವರ್ಷ ಹಿಡಕಲ್‌ನ ಜಯಂತಿಯಲ್ಲಿ ಅದೇ ಸದ್ದು ಬಂತು. ಮಧ್ಯಾಹ್ನ, ಪೆಂಡಾಲು ತುಂಬ ಜನ. ಎರಡನೇ ಹಾಡಿನ ತಗ್ಗು ಸ್ವರಕ್ಕೆ ಪೆಟ್ಟಿಗೆ ಬರ್ರ್ ಎಂದಿತು.

"ಹರಿತು ನೋಡ! ನಾ ಹೇಳಿರಲಿಲ್ಲ?" ಎಂದು ಮೈಕ್‌ಸೆಟ್ಟು ನೋಡಿಕೊಳ್ಳುವ ಸತ್ಯಪ್ಪ ಕೂತಲ್ಲಿಂದಲೇ ಕೂಗಿದರು. ಅಜಿತ ಗಿಟಾರು ಬಿಟ್ಟು ವೈರ್ ಕೀಳಲು ಬಂದ.

"ತಡಿ ಅಜಿತಣ್ಣ, ಚುಕ್ಕಿ ನೋಡ. ದಾಟಿಲ್ಲ."

"ಚುಕ್ಕಿ ತಗೊಂಡ ಏನ ಮಾಡ್ಲಿ? ಸೌಂಡ ಕೇಳವಲ್ದೇನ?"

ಆಮ್ರಪಾಲಿ ವಾಲ್ಯೂಮ್ ಸಾಕಷ್ಟು ಇಳಿಸಿ ಅದೇ ಸ್ವರ ನುಡಿಸಿದರು. ಬರ್ರ್ ಸದ್ದು ಸಣ್ಣದಾಯಿತು, ಹೋಗಲಿಲ್ಲ. ಹರಿದ ಕೋನೂ ಹೀಗೇ ಮಾಡುತ್ತದೆ. "ಆಗ ನನಗೂ ನನ್ನ ಮ್ಯಾಲೆ ಸಂಶೆ ಬಂತ್ರಿ" ಎನ್ನುತ್ತಾರೆ. ಆಗ ನೆನಪಾದದ್ದು ಅಡುಗೆಮನೆಯ ತಾಟುಗಳು. ತಾಯಿ ಊರಿದಂತೆ ಪೆಟ್ಟಿಗೆಯ ತಲೆಯ ಮೇಲೆ ಅಂಗೈ ಊರಲು ಹೋದರು. ಕೈಗೆ ತಗುಲಿದ್ದು ಒಂದು ಶೀಲ್ಡು.

ಹಾಡು ಶುರುವಾಗುವ ಮೊದಲು ಕಲಾವಿದರಿಗೆ ಸನ್ಮಾನ ಮಾಡುವುದು ಇಲ್ಲಿಯ ರೂಢಿ. ಅಂದು ಸನ್ಮಾನ ಅಜಿತನಿಗೆ. ಅವನು ಶಾಲನ್ನು ಹೆಗಲ ಮೇಲೆ ಇಟ್ಟುಕೊಂಡಿದ್ದ, ಶೀಲ್ಡನ್ನು ಜನರಿಗೆ ಕಾಣಲೆಂದು ಪೆಟ್ಟಿಗೆಯ ಮೇಲೆ ನಿಲ್ಲಿಸಿದ್ದ. ಅದರಲ್ಲಿ ಅವನ ಹೆಸರು ಕೆತ್ತಿದ ತಗಡಿನ ಒಂದು ಮೊಳೆ ಸಡಿಲವಾಗಿತ್ತು. ಆಮ್ರಪಾಲಿ ಶೀಲ್ಡನ್ನು ಎತ್ತಿ ಅವನ ಕೈಗೆ ಕೊಟ್ಟು ಮತ್ತೆ ತಂತಿ ಎಳೆದರು. ಸ್ವರ ಸ್ವಚ್ಛವಾಗಿ ಬಂತು.

"ಬರ್ರ್ ಅಂದಿದ್ದು ನಿನ್ನ ಹೆಸರಪ್ಪಾ!" ಸತ್ಯಪ್ಪ ಮೈಕಿನಲ್ಲೇ ನಕ್ಕರು. ಪೆಂಡಾಲಿಗೆ ಪೆಂಡಾಲೇ ನಕ್ಕಿತು.

ಅಜಿತ ಕೆಂಪು ಚುಕ್ಕೆ ಅಳಿಸಿದನೇ? ಇಲ್ಲ. ನಾನು ಕೇಳಿದಾಗ, "ವಿಶ್ವಾಸ ಐತ್ರಿ. ಆದ್ರೂ ಗುರುತ ಇರ್ಲಿ" ಎಂದ. ಆದರೆ ಪೆಟ್ಟಿಗೆ ಈಗ ಆಮ್ರಪಾಲಿಯ ಮನೆಯಲ್ಲೇ ಇರುತ್ತದೆ. ಲಖನನ ಎಡಗೈಯ ಮಾತು ಯಾರೂ ಎತ್ತುವುದಿಲ್ಲ. ನೀಲಿ ಚುಕ್ಕೆ ಯಾರದೆಂದರೆ ಆಮ್ರಪಾಲಿ ನಗುತ್ತಾರೆ. "ನಂದು. ಅವ ಬಂದು ತಿರುವಿದ್ರ ನನಗೂ ಗೊತ್ತಾಗಬೇಕಲ್ರಿ?"

ಬಿಸಿಲು ಅಂಗಳಕ್ಕೆ ಬಂದಿದೆ. ಟೇಲರ್ ಅಂಗಡಿಗೆ ಹೊರಡುವ ಹೊತ್ತು. ಅವರು ವಾಲ್ಯೂಮ್ ಸೊನ್ನೆಗೆ ತಂದು, ಸ್ವಿಚ್ ಆರಿಸಿ, ಆಮೇಲೆ ವೈರ್ ಕೀಳುತ್ತಾರೆ. ನಿಮಗೇನು ಬೇಕು ಎಂದು ಕೇಳುತ್ತೇನೆ. ದೊಡ್ಡ ಪೆಟ್ಟಿಗೆ ಕೇಳುತ್ತಾರೆ ಅಂದುಕೊಂಡಿದ್ದೆ.

"ಇದ ಸಾಕ್ರಿ. ಬರ್ರ್ ಅಂತಂದ್ರ ಮಂದಿ ಮೊದ್ಲ ಪೆಟಗಿ ನೋಡ್ಲಿ, ಆಮ್ಯಾಲ ನನ್ನ ಮಾರಿ ನೋಡ್ಲಿ. ಅಷ್ಟ."