ಬಸ್ಸಿನ ಬಾಗಿಲಿನಿಂದ ಕಂಡ ಊರು

ಡೇರೆ ಹಾಕಿಕೊಂಡು ಬಯಲಲ್ಲಿ ಮಲಗುವ ವಯಸ್ಸು ನನ್ನದಲ್ಲ. ನೆಲದ ಮೇಲೆ ಕೂತರೆ ಏಳುವಾಗ ಯಾರಾದರೂ ಕೈ ಕೊಡಬೇಕು. ಎದ್ದ ಮೇಲೆ ಯಾಕೆ ಎದ್ದೆ ಎಂದು ನೆನಪಿಸುವುದಕ್ಕೆ ಇನ್ನೊಬ್ಬರು ಬೇಕು. ಆದರೂ ಹೋದೆ. ಅದಕ್ಕೆ ಕಾರಣ ನನ್ನ ಭಾವಮೈದುನ. ಹೊಸ ಡೇರೆಯೊಂದನ್ನು ಕೊಂಡುಕೊಂಡು, ನಮ್ಮ ಹಾಲ್‌ನಲ್ಲೇ ಅದನ್ನು ಸೋಫಾದ ಕಾಲಿಗೂ ಟಿ.ವಿ. ಮೇಜಿಗೂ ಕಟ್ಟಿ ಪರೀಕ್ಷೆ ಮಾಡಿ ಪಾಸಾಗಿದ್ದ.

“ಸಣ್ಣ ಊರುಗಳನ್ನ ನಡ್ಕೊಂಡೇ ನೋಡ್ಬೇಕು ಭಾವ. ಕಾರಲ್ಲಿ ಹೋದ್ರೆ ಏನು ಕಾಣುತ್ತೆ?” ಎಂದ.

ಕಾರಿನಲ್ಲಿ ಹೋದರೆ ಊಟದ ಹೊತ್ತಿಗೆ ಮನೆ ಕಾಣುತ್ತದೆ ಎಂದು ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಚೀಲಕ್ಕೆ ಸ್ವೆಟರ್ ತುಂಬತೊಡಗಿದ್ದಳು. ಅಕ್ಕ-ತಮ್ಮ ಒಂದಾದ ಮೇಲೆ ನಮ್ಮ ಮನೆಯಲ್ಲಿ ನಾನು ಬರೀ ಸಾಮಾನು ಹೊರುವವನು.

ಹಾಗೆ ಒಂದು ಶುಕ್ರವಾರ ಸಂಜೆ ಆ ಸಣ್ಣ ಊರಿನ ಕೆರೆಯ ದಡದಲ್ಲಿ, ಬಂದವರು ಡೇರೆ ಹಾಕಲೆಂದೇ ಬಿಟ್ಟಿದ್ದ ಹುಲ್ಲುಗಾವಲಿನಲ್ಲಿ, ನಾವು ಮೂವರೂ ಡೇರೆಯ ಕೋಲುಗಳ ಜೊತೆ ಕುಸ್ತಿಗೆ ಬಿದ್ದಿದ್ದೆವು. ಕೋಲುಗಳೇ ಗೆಲ್ಲುತ್ತಿದ್ದವು. ಆಗ ಬೆನ್ನ ಹಿಂದೆ ಒಂದು ವಿಸಿಲ್ ಕೇಳಿಸಿತು. ಒಂದೇ ಒಂದು, ಉದ್ದಕ್ಕೆ. ಮೂವರೂ ಇದ್ದಲ್ಲೇ ಗಕ್ಕನೆ ನಿಂತೆವು.

“ಅಲ್ಲಿ ಬೇಡ ಸಾರ್. ಅದು ದನಗಳು ನೀರಿಗಿಳಿಯೋ ದಾರಿ. ಬೆಳಿಗ್ಗೆ ನಿಮಗಿಂತ ಮೊದ್ಲು ಅವು ಏಳ್ತವೆ. ಮುಂದೆ ಹೋಗಿ, ಮುಂದೆ ಜಾಗ ಇದೆ.”

ಮುಂದೆ ಜಾಗ ಇದೆ ಎಂಬ ಮಾತನ್ನು ಅಷ್ಟು ನಂಬಿಕೆಯಿಂದ ಹೇಳುವ ಜನ ಜಗತ್ತಿನಲ್ಲಿ ಒಂದೇ ಜಾತಿ. ತಿರುಗಿ ನೋಡಿದರೆ, ತೆಳ್ಳಗೆ ಎತ್ತರಕ್ಕಿದ್ದ ಒಬ್ಬ ಹಿರಿಯರು. ಕಂಕುಳಲ್ಲಿ ಚೀಲವಿಲ್ಲದಿದ್ದರೂ ಇದ್ದಂತೆಯೇ ಎಡಗೈಯನ್ನು ಮೈಯಿಂದ ಸ್ವಲ್ಪ ದೂರ ಹಿಡಿದಿದ್ದರು. ಕಾಲು ಅಗಲಿಸಿ ನಿಂತು, ಭೂಮಿ ಅಲುಗಾಡದಿದ್ದರೂ ತಾವು ಸಣ್ಣಗೆ ತೂಗುತ್ತಿದ್ದರು. ಊರಿನವರೆಲ್ಲ ಅವರನ್ನು ಕಂಡಕ್ಟರ್ ಎಂದೇ ಕರೆಯುತ್ತಿದ್ದರು. ನಿವೃತ್ತರಾಗಿ ವರ್ಷಗಳಾಗಿದ್ದವು. ಈಗ ಅವರ ಕೆಲಸ ಈ ಹುಲ್ಲುಗಾವಲನ್ನು ನೋಡಿಕೊಳ್ಳುವುದು, ಶನಿವಾರ ಭಾನುವಾರ ಡೇರೆಯವರನ್ನು ಊರಿನ ಹಳೆ ಬೀದಿಯಲ್ಲಿ ನಡೆಸಿಕೊಂಡು ಹೋಗಿ ಇತಿಹಾಸ ಹೇಳುವುದು.

“ಬೆಳಿಗ್ಗೆ ಏಳಕ್ಕೆ ಹೊರಡುತ್ತೆ. ಕಾಯಲ್ಲ,” ಎಂದು ಹೇಳಿ ಹೋದರು. ಏನು ಹೊರಡುತ್ತದೆ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಮರುದಿನ ಹೊರಟದ್ದು ನಾವೇ. ಕಂಡಕ್ಟರು ಎರಡು ಸಲ ವಿಸಿಲ್ ಊದಿದರು, ನಮ್ಮ ಕಾಲುಗಳು ತಾವಾಗಿಯೇ ಚಲಿಸಿದವು. ಬೀದಿಯ ಬಾಯಲ್ಲಿ ಒಮ್ಮೆ ಊದಿದರು, ನಿಂತವು. ಅವರ ನಡಿಗೆಯಲ್ಲಿ ಸ್ಟಾಪುಗಳಿದ್ದವು, ನಡುವೆ ಎಲ್ಲೂ ನಿಲ್ಲುವ ಹಾಗಿರಲಿಲ್ಲ. ನನ್ನ ಹೆಂಡತಿ ಒಂದು ಕಿಟಕಿಯ ಹೂವಿನ ಕುಂಡ ನೋಡುತ್ತ ಹಿಂದುಳಿದಾಗ, “ಹಿಂದಿನವರು ಸ್ವಲ್ಪ ಮುಂದೆ ಬನ್ನಿ, ಮುಂದೆ ಖಾಲಿ ಇದೆ” ಎಂದರು. ನಿಜವೇ. ಇಡೀ ಬೀದಿ ಖಾಲಿ ಇತ್ತು.

ಅವರು ಹೇಳಿದ್ದೆಲ್ಲ ಚೆನ್ನಾಗಿತ್ತು. ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿ, ಮುಚ್ಚಿಹೋದ ಛಾಪಖಾನೆ, ವ್ಯಾಪಾರಿಯೊಬ್ಬನ ಮನೆಯ ಕೆತ್ತನೆಯ ಕಂಬಗಳು, ಅದರಲ್ಲಿ ಒಂದು ಕಂಬ ಮಾತ್ರ ಬೇರೆ ಮರದ್ದಾದದ್ದು ಯಾಕೆ ಎಂಬುದು, ಎಲ್ಲವೂ. ನನ್ನ ಭಾವಮೈದುನ ಫೋಟೋ ತೆಗೆಯುತ್ತ, “ಅಂಕಲ್, ಮೇಲ್ಗಡೆ ಮಹಡಿಯಲ್ಲಿ ಏನೋ ಚಿತ್ರ ಇದ್ದ ಹಾಗಿದೆ?” ಎಂದ.

“ಮೇಲಿಂದು ಗೊತ್ತಿಲ್ಲಪ್ಪ. ಬಸ್ಸಿನ ಚಾವಣಿ ಅಡ್ಡ ಬರ್ತಿತ್ತು.”

ಆಗ ನನಗೆ ಹೊಳೆಯಿತು. ಹಳೆ ಬೀದಿ ಕಿರಿದು. ಬಸ್ಸು ಈ ತುದಿಯಿಂದ ಒಳಗೆ ಬಂದರೆ ವಾಪಸು ಹೋಗುವುದು ಊರ ಹೊರಗಿನ ಕೆರೆ ಏರಿಯ ಮೇಲೆ. ಅಂದರೆ ಈ ಮನುಷ್ಯ ಸರ್ವಿಸ್ ಪೂರ್ತಿ ಈ ಬೀದಿಯನ್ನು ಒಂದೇ ದಿಕ್ಕಿನಲ್ಲಿ, ಎಡಗಡೆಯ ಬಾಗಿಲಲ್ಲಿ ನಿಂತು, ಬಾಗಿಲು ತೋರಿಸಿದಷ್ಟನ್ನೇ ನೋಡಿದ್ದರು. ತೊಟ್ಟಿ, ಛಾಪಖಾನೆ, ಕಂಬ, ಎಲ್ಲವೂ ಎಡಗಡೆಗೇ ಇದ್ದವು.

“ಬಲಗಡೆ ಏನೇನಿದೆ ಕಂಡಕ್ಟರೇ?” ಎಂದು ಕೇಳಿದಳು ನನ್ನ ಹೆಂಡತಿ.

“ಅದು ನಮ್ದಲ್ಲ ಅಮ್ಮ. ಡ್ರೈವರ್ ಕಡೆ.”

“ಈಗ ಬಸ್ಸಿಲ್ಲವಲ್ಲ. ಕತ್ತು ತಿರುಗಿಸಿದ್ರೆ ಆಯ್ತು.”

ಕಂಡಕ್ಟರು ಗದ್ದವನ್ನು ಸ್ವಲ್ಪ ಬಲಕ್ಕೆ ಎತ್ತಿದರು. ಅಲ್ಲಿ, ಸೈಕಲ್ ಅಂಗಡಿಯ ಮುಂದಿನ ಬೆಂಚಿನ ಮೇಲೆ, ದಪ್ಪ ಮೀಸೆಯ ಒಬ್ಬ ಭಾರಿ ಆಸಾಮಿ ಪೇಪರನ್ನು ಸ್ಟೇರಿಂಗ್ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಅವರೇ ಡ್ರೈವರ್. ನಾವು ಸಮೀಪಿಸುತ್ತಿದ್ದ ಹಾಗೆ ಪೇಪರು ಮೇಲೇರಿ ಮುಖ ಮುಚ್ಚಿತು.

ಎರಡು ವಿಸಿಲ್. ಮುಂದೆ ಹೋಗಬೇಕಿತ್ತು. ಆದರೆ ನನ್ನ ಹೆಂಡತಿಯನ್ನು ವಿಸಿಲ್ ಊದಿ ನಡೆಸುವುದು ಸಾಧ್ಯವಿದ್ದರೆ ನಾನು ಮದುವೆಯಾದ ವರ್ಷವೇ ಒಂದು ಕೊಂಡುಕೊಳ್ಳುತ್ತಿದ್ದೆ. ಅವಳು ನೇರ ರಸ್ತೆ ದಾಟಿದಳು.

“ನೀವು ನಮ್ ಜೊತೆ ಬನ್ನಿ. ಈ ಕಡೆದು ನೀವು ಹೇಳಿ, ಆ ಕಡೆದು ಅವರು ಹೇಳ್ಲಿ,” ಎಂದಳು.

ಪೇಪರು ಕೆಳಗಿಳಿಯಿತು. ಡ್ರೈವರು ಅವಳನ್ನು ನೋಡಿದರು, ಆದರೆ ದನಿ ನಮ್ಮ ಕಡೆಗೆ ಕೇಳಿಸುವಷ್ಟು ಜೋರಿತ್ತು. “ನಾನು ಹೇಳಿದ ಕಡೆ ನಿಲ್ಲುತ್ತಾ ಅಂತ ಕೇಳಮ್ಮ ಅವರನ್ನ.”

ಅವಳು ತಿರುಗಿ ಕಂಡಕ್ಟರನ್ನು ನೋಡಿದಳು. ಕಂಡಕ್ಟರ ಬಾಯಿಂದ ಮಾತು ತಾನಾಗಿಯೇ ಬಂತು, ಜೀವಮಾನವಿಡೀ ಬಂದ ಹಾಗೆ: “ಸ್ಟಾಪ್ ಇಲ್ಲದ ಕಡೆ ನಿಲ್ಸಕ್ಕೆ ಬರಲ್ಲ.”

ಪೇಪರು ಮತ್ತೆ ಮೇಲೇರಿತು. ಕಂಡಕ್ಟರು ವಿಸಿಲನ್ನು ತುಟಿಗಿಟ್ಟುಕೊಂಡರು, ಊದದೆ ಹಾಗೇ ಕೈ ಇಳಿಸಿದರು. ಆ ಬೆಳಿಗ್ಗೆ ಉಳಿದ ಸ್ಟಾಪುಗಳಲ್ಲಿ ಇತಿಹಾಸ ತುಂಬ ಚುಟುಕಾಗಿತ್ತು.

ಕೊನೆಯ ಸ್ಟಾಪ್ ಅವರ ಮನೆಯೇ. ಎರಡು ಕೋಣೆ, ಒಂದು ಅಡುಗೆಮನೆ, ಗೋಡೆಗೆ ಒರಗಿಸಿದ ಹಳೆಯ ಕಬ್ಬಿಣದ ಟ್ರಂಕು. ಅವರ ಹೆಂಡತಿ ನಮಗೆ ಚಹಾ ಕೊಟ್ಟರು. ಕಂಡಕ್ಟರು ಚಹಾ ಮುಟ್ಟದೆ ಬಾಗಿಲ ಹತ್ತಿರ ಒಂದು ಕೈಯಲ್ಲಿ ಮೇಲಿನ ಚೌಕಟ್ಟನ್ನು ಹಿಡಿದು ನಿಂತಿದ್ದರು. ಆಮೇಲೆ ಹಿತ್ತಲಿಗೆ ಹೋದರು.

“ಕೂರಲ್ಲ ಅವರು,” ಎಂದರು ಆಕೆ. “ಮದುವೆ ಆದಾಗಿಂದ ನೋಡ್ತಿದ್ದೀನಿ, ಊಟಾನೂ ನಿಂತ್ಕೊಂಡೇ. ಮಕ್ಕಳು ಚಿಕ್ಕವರಿದ್ದಾಗ ಸ್ಕೂಲಿಗೆ ಹೊರಡಿಸೋಕೂ ಎರಡು ವಿಸಿಲ್. ಈಗ ಎರಡು ದಿನದಿಂದ ಊಟಾನೂ ಇಲ್ಲ.”

“ಯಾಕೆ?” ಎಂದೆ.

“ನಾಡಿದ್ದು ಸೋಮವಾರ ಡ್ರೈವರ್ ಅಣ್ಣ ಮನೆ ಖಾಲಿ ಮಾಡ್ಕೊಂಡು ಮಗಳ ಊರಿಗೆ ಹೊರಡ್ತಿದ್ದಾರೆ. ಇವ್ರಿಬ್ರೂ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ಹೋಗೋ ಮುಂಚೆ ಒಂದ್ ಮಾತು ಆಡ್ಬೇಕು ಅಂತ ಇವರಿಗೆ ಒಳಗೇ ಕುದೀತಾ ಇದೆ. ಕನ್ನಡಿ ಮುಂದೆ ನಿಂತು ಬಾಯಿ ತೆಗೀತಾರೆ, ಏನೂ ಬರಲ್ಲ.”

ಮಾತು ಬಿಟ್ಟದ್ದು ಡ್ರೈವರು ನಿವೃತ್ತರಾದ ದಿನವಂತೆ. ಕೊನೆಯ ಟ್ರಿಪ್ಪಿನಲ್ಲಿ, ಹಳೆ ಬೀದಿಯ ಬಲಗಡೆ ಒಂದು ಮುರಿದ ಗೋಡೆಯ ಹತ್ತಿರ ಬಸ್ಸು ನಿಧಾನವಾಯಿತು. ಡ್ರೈವರು ಹಿಂದಕ್ಕೆ ತಿರುಗಿ, “ಒಂದ್ ನಿಮಿಷ ನಿಲ್ಲಿಸ್ತೀನಿ” ಎಂದರು. ಬಸ್ಸಿನಲ್ಲಿದ್ದವರು ತಡವಾಯಿತೆಂದು ಗೊಣಗಿದರು. ಕಂಡಕ್ಟರು, ಅಲ್ಲಿ ಸ್ಟಾಪ್ ಇಲ್ಲದ ಕಾರಣ, ಎರಡು ವಿಸಿಲ್ ಊದಿದರು. ಬಸ್ಸು ಹೊರಟಿತು. ಡಿಪೋದಲ್ಲಿ ಬಸ್ಸು ನಿಲ್ಲಿಸಿದ ಡ್ರೈವರು ಕೆಳಗಿಳಿದು, ಇವರ ಕಡೆ ನೋಡದೆ ಮನೆಗೆ ನಡೆದುಬಿಟ್ಟರು.

“ಒಟ್ಟಿಗೆ ಅಷ್ಟು ವರ್ಷ ಕೆಲಸ ಮಾಡಿದೋರು, ಒಂದ್ಸಲ ‘ಸಾರಿ’ ಅಂದಿದ್ರೆ ಮುಗೀತಿತ್ತಲ್ಲ?” ಎಂದಳು ನನ್ನ ಹೆಂಡತಿ.

“ಎಲ್ಲಿ ಮಾತಾಡಿದ್ದಾರಮ್ಮ ಅವರು? ಅವರು ಮುಂದೆ, ಇವರು ಹಿಂದೆ, ನಡುವೆ ಇಂಜಿನ್ ಸದ್ದು. ಇವರು ಊದಿದ್ರೆ ಅವರು ನಿಲ್ಸೋರು, ಇವರು ಊದಿದ್ರೆ ಅವರು ಹೊರಡೋರು. ಇಬ್ಬರ ಮಧ್ಯೆ ಅಷ್ಟೇ ಭಾಷೆ ಇದ್ದಿದ್ದು.”

ಬಹಳ ಸುಖೀ ದಾಂಪತ್ಯ ಎಂದು ನನಗನ್ನಿಸಿತು. ಹೆಂಡತಿಯ ಮುಖ ನೋಡಿ ಹೇಳಲಿಲ್ಲ.

ಆ ದಿನವೆಲ್ಲ ನಾವು ಕೆರೆಯ ಸುತ್ತ ಅಡ್ಡಾಡಿದೆವು. ಭಾವಮೈದುನ ಒಲೆ ಹಚ್ಚಿ ಬ್ರೆಡ್ಡು ಸುಟ್ಟ. ಸುಟ್ಟ ಎಂಬುದನ್ನು ಅದರ ಪೂರ್ಣ ಅರ್ಥದಲ್ಲಿ ತೆಗೆದುಕೊಳ್ಳಬೇಕು. ಸಂಜೆ ಕಂಡಕ್ಟರು ಒಮ್ಮೆ ಹುಲ್ಲುಗಾವಲಿನ ಕಡೆ ಬಂದು ಡೇರೆಯ ಹಗ್ಗಗಳನ್ನೆಲ್ಲ ಎಳೆದು ನೋಡಿ, ಬಿಗಿಯಾಗಿದ್ದವನ್ನೂ ಮತ್ತೆ ಬಿಗಿದು ಹೋದರು. ಮನಸ್ಸು ಸರಿಯಿಲ್ಲದ ಗಂಡಸಿಗೆ ಬಿಗಿಯಲು ಒಂದು ಹಗ್ಗ ಸಿಕ್ಕರೆ ಎಷ್ಟೋ ಸಮಾಧಾನ.

ಭಾನುವಾರ ಬೆಳಿಗ್ಗೆ ಭಾವಮೈದುನನಿಗೆ ಊರಾಚೆಯ ಗುಡ್ಡ ಹತ್ತುವ ಅವಸರ. “ಬೇಗ ಒಂದ್ ರೌಂಡ್ ಮುಗಿಸಿ ಅಂಕಲ್” ಎಂದ. ನನಗೆ ಗುಡ್ಡ ತಪ್ಪಿಸಿಕೊಳ್ಳುವ ಅವಸರ. ಕಂಡಕ್ಟರು ಎಂದಿನಂತೆ ಎರಡು ವಿಸಿಲ್ ಊದಿ ಹೊರಡಿಸಿದರು. ತೊಟ್ಟಿಯ ಹತ್ತಿರ ನಿಂತೆವು, ಛಾಪಖಾನೆಯ ಹತ್ತಿರ ನಿಂತೆವು. ಸೈಕಲ್ ಅಂಗಡಿ ಬಂತು. ಬೆಂಚಿನ ಮೇಲೆ ಡ್ರೈವರು, ಮುಖಕ್ಕೆ ಪೇಪರು. ಅವರ ಪಕ್ಕದಲ್ಲಿ ಹಗ್ಗ ಬಿಗಿದ ಎರಡು ರಟ್ಟಿನ ಡಬ್ಬಗಳು.

ಕಂಡಕ್ಟರು ಅತ್ತ ನೋಡಲಿಲ್ಲ. ಹೆಜ್ಜೆ ಜೋರು ಮಾಡಿದರು. ನನ್ನ ಹೆಂಡತಿ ನನ್ನ ತೋಳು ಚಿವುಟಿದಳು. ಅವಳಿಗೆ ಬೇಸರವಾದಾಗ ಚಿವುಟಿಸಿಕೊಳ್ಳುವುದು ನಾನೇ, ತಪ್ಪು ಯಾರದ್ದಾದರೂ.

ಇನ್ನೂ ಸ್ವಲ್ಪ ದೂರ ಹೋಗಿದ್ದೆವು. ಬಲಗಡೆ ಆ ಮುರಿದ ಗೋಡೆ ಕಂಡಿತು. ಕಂಡಕ್ಟರು ಅದರ ಎದುರಿಗೆ ಬಂದು, ರಸ್ತೆಯ ನಟ್ಟ ನಡುವೆ ನಿಂತು, ಉಸಿರು ಒಳಗೆಳೆದುಕೊಂಡು ಒಂದು ವಿಸಿಲ್ ಊದಿದರು. ಒಂದೇ. ಎದೆಯಲ್ಲಿದ್ದ ಗಾಳಿಯೆಲ್ಲ ಖಾಲಿಯಾಗುವವರೆಗೆ.

ನಾವು ನಿಂತೆವು. ಹಿಂದೆ ಬೆಂಚಿನ ಮೇಲೆ ಪೇಪರು ಕೆಳಗಿಳಿಯಿತು.

“ಇಲ್ಲೇನಿದೆ ಅಂಕಲ್?” ಎಂದ ಭಾವಮೈದುನ. “ಇಲ್ಲಿ ನಿನ್ನೆ ನಿಲ್ಲಿಸಲಿಲ್ವಲ್ಲ. ಗುಡ್ಡಕ್ಕೆ ಲೇಟಾಗುತ್ತೆ.”

“ಆಗ್ಲಿ,” ಎಂದರು ಕಂಡಕ್ಟರು. “ಕಾಯಬೇಕು.”

ಡ್ರೈವರು ಕೂತೇ ಇದ್ದರು. ಕಂಡಕ್ಟರು ಬೆಂಚಿನ ಕಡೆ ಮುಖ ಮಾಡಿರಲಿಲ್ಲ. ಗೋಡೆಯನ್ನೇ ನೋಡುತ್ತಿದ್ದರು, ಕಿವಿ ಮಾತ್ರ ಹಿಂದಕ್ಕಿತ್ತು. ಹಾಲಿನವನ ಸೈಕಲ್ ಬಂದು, ರಸ್ತೆ ನಡುವೆ ನಿಂತ ನಮ್ಮನ್ನು ಬಳಸಿಕೊಂಡು ಹೋಯಿತು. ಭಾವಮೈದುನ ಗಡಿಯಾರ ನೋಡಿದ. ಅಕ್ಕ ಅವನನ್ನು ನೋಡಿದಳು. ಅವನು ಗಡಿಯಾರ ನೋಡುವುದನ್ನು ಬಿಟ್ಟ.

ಆಗ ಡ್ರೈವರು ಎದ್ದರು. ಪೇಪರನ್ನು ಮಡಿಸಿ ಡಬ್ಬದ ಮೇಲಿಟ್ಟರು. ಭಾರವಾದ ಮೈ, ಮಂಡಿ ನೋವಿರಬೇಕು. ಇಳಿಜಾರಿನಲ್ಲಿ ಬ್ರೇಕ್ ಹಿಡಿದುಕೊಂಡು ಬರುವ ಗಾಡಿಯ ಹಾಗೆ ಬಂದರು. ಬಂದು ಕಂಡಕ್ಟರ ಬಲಗಡೆಗೆ ನಿಂತರು.

“ಇಲ್ಲಿ ಸ್ಟಾಪ್ ಇಲ್ವಲ್ಲ,” ಎಂದರು.

“ಇವತ್ತಿಂದ ಇದೆ.”

ಡ್ರೈವರು ಮೀಸೆಯನ್ನು ಒಮ್ಮೆ ಒರೆಸಿಕೊಂಡರು. “ಎಷ್ಟು ಹೊತ್ತು?”

“ನೀನು ಹೇಳೋವರೆಗೆ.”

ಗೋಡೆಯ ಸಂದಿನಿಂದ ಒಳಗೆ ಹೋದೆವು. ಒಳಗೆ ಹುಲ್ಲು ಬೆಳೆದ ಅಂಗಳ, ಅದರ ನಡುವೆ ಕಲ್ಲಿನ ಮೆಟ್ಟಿಲುಗಳು. ಕಟ್ಟಡ ಬಿದ್ದುಹೋಗಿ ಅವಷ್ಟೇ ಉಳಿದಿದ್ದವು. ಮಹಡಿಯವರೆಗೆ ಏರಿ, ಮಹಡಿಯಿಲ್ಲದೆ, ಗಾಳಿಯಲ್ಲಿ ನಿಂತುಬಿಟ್ಟಿದ್ದವು.

“ನಮ್ ಸ್ಕೂಲು,” ಎಂದರು ಡ್ರೈವರು. “ಮೇಲ್ಗಡೆ ನಮ್ ಕ್ಲಾಸು. ಲೆಕ್ಕ ಬರದೆ ಇದ್ದೋರನ್ನ ಮೇಷ್ಟ್ರು ಹೊರಗೆ ಕಳಿಸೋರು. ನಾನು ದಿನಾ ಇಲ್ಲೇ ಮೇಲಿನ ಮೆಟ್ಟಿಲಲ್ಲಿ ಕೂತಿರ್ತಿದ್ದೆ. ಕೆಳಗೆ ಬಸ್ಸು ಹೋಗೋದು. ಅದನ್ನ ನಾನೇ ಓಡಿಸ್ಬೇಕು ಅಂತ ಅಲ್ಲೇ ಅಂದ್ಕೊಂಡಿದ್ದು. ಬಸ್ಸು ಸಿಕ್ತು. ಅವತ್ತು ಕೊನೇ ದಿನ, ನನ್ ಸೀಟಿಂದ ಒಂದ್ಸಲ ನೆಟ್ಟಗೆ ಈ ಮೆಟ್ಟಿಲು ನೋಡೋಣ ಅನ್ನಿಸ್ತು. ಓಡಿಸ್ತಾ ಓರೆಗಣ್ಣಲ್ಲಿ ನೋಡಿದ್ದೇ ಆಗಿತ್ತು ಅಷ್ಟು ವರ್ಷ.”

ಕಂಡಕ್ಟರು ಮೆಟ್ಟಿಲನ್ನು ನೋಡಿದರು. “ಹೇಳ್ಬಾರ್ದಿತ್ತಾ?”

“ಯಾವಾಗ ಹೇಳ್ಲಿ? ನೀನು ಎರಡು ಊದೇಬಿಟ್ಟೆ.”

“ಊದ್ಬಾರ್ದಿತ್ತು,” ಎಂದರು ಕಂಡಕ್ಟರು. ಕನ್ನಡಿಯ ಮುಂದೆ ಬಾರದೇ ಹೋದ ಮಾತು ಅದೇ ಇರಬೇಕು. ಹೇಳಿ ಮುಗಿಸಿದ ಮೇಲೆ ಮುಖದಲ್ಲಿ ಭಾರದ ಟ್ರಂಕು ಇಳಿಸಿದವರ ಸುಸ್ತಿತ್ತು.

ಡ್ರೈವರು ಕಂಡಕ್ಟರ ಹೆಗಲ ಮೇಲೆ ಕೈಯಿಟ್ಟು, ಅದನ್ನೇ ಊರಿಕೊಂಡು ಮೊದಲ ಮೆಟ್ಟಿಲು ಹತ್ತಿದರು. ಆಮೇಲೆ ಎರಡನೆಯದು. ಹೀಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ತುದಿಯವರೆಗೆ ಹೋಗಿ, ಇಬ್ಬರೂ ಅಲ್ಲಿ ಪಕ್ಕಪಕ್ಕ ಕೂತರು. ನಾವು ಮೂವರೂ ಕೆಳಗಿನ ಮೆಟ್ಟಿಲುಗಳಲ್ಲಿ ಕೂತೆವು. ಗುಡ್ಡದ ವಿಷಯ ಯಾರೂ ಎತ್ತಲಿಲ್ಲ. ನಾನಂತೂ ಎತ್ತಲೇ ಇಲ್ಲ.

ಮೇಲಿನಿಂದ ಬೀದಿಯ ಬಲಸಾಲು ಪೂರ್ತಿ ಕಾಣುತ್ತಿತ್ತು. ಡ್ರೈವರು ಕೈ ನೀಡಿ ಒಂದೊಂದೇ ಹೇಳತೊಡಗಿದರು: ಯಾವ ಮನೆಯಲ್ಲಿ ಪಿಟೀಲು ಮಾಡುವವನಿದ್ದ, ಯಾವ ಬಾವಿಗೆ ಎರಡು ಮನೆಯವರು ಜಗಳವಾಡಿ ನಡುವೆ ಗೋಡೆ ಕಟ್ಟಿದರು, ಎದುರುಸಾಲಿನ ವ್ಯಾಪಾರಿಯ ಮಹಡಿಯ ಆ ಚಿತ್ರ ಯಾರು ಬರೆದದ್ದು. ಇಂಜಿನ್ ಸದ್ದಿಲ್ಲದ ಕಡೆ ಆ ಮನುಷ್ಯ ಎಷ್ಟು ಮಾತಾಡಬಲ್ಲರು ಎಂದು ಕಂಡಕ್ಟರಿಗೆ ಆಗಲೇ ಗೊತ್ತಾದದ್ದು. ಅವರು ಹೊಸದಾಗಿ ಊರಿಗೆ ಬಂದವರ ಹಾಗೆ ಕತ್ತು ಚಾಚಿ ನೋಡುತ್ತಿದ್ದರು.

“ಆ ನೀಲಿ ಕಿಟಕಿ ಮನೆ ಯಾರ್ದು?”

“ಯಾವ್ದು?”

“ಅದೇ, ಹೆಂಚು ಮುರಿದಿದೆಯಲ್ಲ.”

“ಅದು ನಿಮ್ ಅತ್ತೆ ತೌರುಮನೆ ಕಣಯ್ಯ,” ಎಂದರು ಡ್ರೈವರು. “ಮದುವೆಗೆ ಮುಂಚೆ ಹೆಣ್ಣು ನೋಡಕ್ಕೆ ಅಲ್ಲಿಗೇ ಬಂದಿದ್ದೆ ನೀನು. ಆಗ್ಲೂ ಬಾಗಿಲಲ್ಲೇ ನಿಂತಿದ್ಯೋ ಏನೋ.”